ರಹತ್ ಎಂಬ ಶಬ್ದವೂ ರಹತ್ ಎಂಬ ನಗರವೂ

ವೇದಭಾಷೆಯಲ್ಲಿ ‘ಗ್ರಾಮ’ ಎಂಬ ಶಬ್ದಕ್ಕೆ ಹಳ್ಳಿಯೆಂಬ ಅರ್ಥವು ಮೊದಲಿನಿಂದ ಇದ್ದುದಲ್ಲವೆಂದು ವೈದಿಕವಾಙ್ಮಯವನ್ನು ಪರಿಶೀಲಿಸಿದ ವಿದ್ವಾಂಸರು ತೋರಿಸಿಕೊಟ್ಟಿರುತ್ತಾರೆ. ಶತಪಥಬ್ರಾಹ್ಮಣದ ಚ್ಯವನೋಪಾಖ್ಯಾನದಲ್ಲಿ ಮನುವಂಶದ ಶರ್ಯಾತನು ತನ್ನ ಗ್ರಾಮದೊಡನೆ ಸಂಚರಿಸುತ್ತಿದ್ದನೆಂದು ಹೇಳಿದೆ. ಹಳ್ಳಿಯು ಸಂಚರಿಸಲಾರದು. ಆದುದರಿಂದ ಅಲ್ಲಿ ಗ್ರಾಮವೆಂದರೆ ದನಕರುಗಳೊಡನೆ ನೆಲದಿಂದ ನೆಲಕ್ಕೆ ಸಾಗುವ ಜನರ ಗುಂಪೆಂದೇ ಅರ್ಥಮಾಡಬೇಕಾಗುವುದು. ಇಂತಹ ಎರಡು ಗುಂಪುಗಳು ಒಂದಕ್ಕೊಂದು ಎದುರಾದುದರಿಂದಲೇ ‘ಸಂಗ್ರಾಮ’ ಶಬ್ದವು ಯುದ್ಧವಾಚಕವಾಯಿತೆಂದು ಹೇಳುವರು. ಮುಂದೆ ಆ ಗುಂಪು ಒಂದೆಡೆ ನಿಂತಿತು; ನಿಂತ ನೆಲಕ್ಕೆ ಗುಂಪಿನ ಹೆಸರೇ ಉಳಿಯಿತು. ಈ ಅರ್ಥಪಲ್ಲಟಕ್ಕೆ ನಮ್ಮ ದೇಶದಲ್ಲಿ ಅನೇಕ ತಲೆಮಾರುಗಳು ಹಿಡಿದಿರಬೇಕು. ಅದನ್ನು ಕಣ್ಣಾರೆ ಕಂಡು ಬರೆದಿಟ್ಟವರಿಲ್ಲ. ಆದರೆ ಇದೇ ಬಗೆಯ ಪಲ್ಲಟವು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ದೇಶದಲ್ಲಿ ಒಂದೇ ತಲೆಮಾರಿನೊಳಗೆ, ಸರ್ಕಾರದ ನಕ್ಷೆಯ ಮೇಲೆ ನಡೆದಿದೆ. ಅದರ ಕಾಗದಪತ್ರಗಳೂ ನ್ಯಾಯಾಲಯದ ತೀರ್ಪುಗಳೂ ನಮ್ಮ ಮುಂದಿವೆ. ಆ ಊರಿನ ವಿಚಾರವನ್ನು ಶಬ್ದಾರ್ಥದ ದಾರಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಇಸ್ರೇಲ್ ದೇಶದ ದಕ್ಷಿಣಭಾಗವು ನೆಗೆವ್ ಎಂಬ ಮರುಭೂಮಿ. ಅರಬ್ಬರು ಅದನ್ನು ನಕಬ್ ಎನ್ನುವರು. ಅದರ ಮುಖ್ಯಪಟ್ಟಣವಾದ ಬೇರ್‌ಶೇಬಕ್ಕೆ ಉತ್ತರದಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ರಹತ್ ನಗರವಿದೆ. ೧೯೭೨ರಲ್ಲಿ ಇಲ್ಲಿ ಮೊದಲ ಕುಟುಂಬಗಳು ನೆಲೆಸಿದವು. ೧೯೯೪ರಲ್ಲಿ ಇದಕ್ಕೆ ನಗರವೆಂಬ ಪದವಿಯು ದೊರೆಯಿತು. ೨೦೨೨ರ ವೇಳೆಗೆ ಜನಸಂಖ್ಯೆಯು ಎಪ್ಪತ್ತೈದು ಸಾವಿರವನ್ನು ಮೀರಿದ್ದಿತು. ನಿವಾಸಿಗಳು ಬಹುಮಟ್ಟಿಗೆ ಬೆಡೂಯಿನರು, ಎಂದರೆ ಒಂದು ಕಾಲಕ್ಕೆ ಒಂಟೆ, ಕುರಿ, ಆಡುಗಳೊಡನೆ ಗುಡಾರಗಳಲ್ಲಿ ಬಾಳಿದ ಅರಬ್ಬರ ಸಂತತಿಯವರು. ಜಗತ್ತಿನಲ್ಲಿ ಬೆಡೂಯಿನರಿಗಾಗಿ ಕಟ್ಟಿದ ಊರುಗಳಲ್ಲೆಲ್ಲ ಇದೇ ದೊಡ್ಡದೆಂದು ಪ್ರಸಿದ್ಧಿಯುಂಟು.

ಮೊದಲು ಹೆಸರನ್ನು ನೋಡೋಣ. ಅರಬ್ಬಿಯಲ್ಲಿ ‘ರಹ್ತ್’ ಎಂದರೆ ಒಬ್ಬ ಮನುಷ್ಯನ ಹತ್ತಿರದ ಬಂಧುವರ್ಗ, ಅವನ ಪರವಾಗಿ ನಿಲ್ಲತಕ್ಕ ಗುಂಪು. ನಿಘಂಟುಕಾರರು ಇದಕ್ಕೆ ಸಂಖ್ಯೆಯನ್ನೂ ಹೇಳಿರುವರು: ಹತ್ತಕ್ಕೆ ಕಡಿಮೆಯಾದ ಗಂಡಸರ ಗುಂಪು, ಅದರಲ್ಲಿ ಹೆಂಗಸರು ಸೇರರು, ಎಂದು. ಖುರಾನಿನ ಹೂದ್ ಎಂಬ ಅಧ್ಯಾಯದಲ್ಲಿ ಮಿದ್ಯನ್ ದೇಶದ ಜನರು ತಮ್ಮ ಪ್ರವಾದಿಯಾದ ಶುಐಬನನ್ನು ಗದರಿಸುತ್ತ, ಅವನ ರಹ್ತ್ ಇಲ್ಲದಿದ್ದರೆ ಅವನನ್ನು ಕಲ್ಲೆಸೆದು ಕೊಲ್ಲುತ್ತಿದ್ದೆವೆಂಬ ಅಭಿಪ್ರಾಯವನ್ನು ನುಡಿಯುವರು. ಇದರಿಂದ ರಹ್ತ್ ಎಂಬುದು ಬರಿಯ ಎಣಿಕೆಯ ಗುಂಪಲ್ಲ, ಪ್ರಾಣಕ್ಕೆ ಬೇಲಿಯಾದ ಗುಂಪು ಎಂಬುದು ಸ್ಪಷ್ಟ. ಹೀಬ್ರೂ ಭಾಷೆಯಲ್ಲಿ ಇದೇ ಅಕ್ಷರಗಳ ಶಬ್ದಕ್ಕೆ ಅರ್ಥವು ಬೇರೆ: ದನಕುರಿಗಳು ನೀರು ಕುಡಿಯುವ ಬಾನಿ. ಯಹೂದ್ಯರ ಧರ್ಮಗ್ರಂಥದಲ್ಲಿ ಯಾಕೋಬನು ಸಿಪ್ಪೆ ಸುಲಿದ ಕೋಲುಗಳನ್ನು ಕುರಿಗಳ ಮುಂದೆ ಇಟ್ಟದ್ದು ಇಂತಹ ಬಾನಿಗಳಲ್ಲಿ. ಮಿದ್ಯನ್ ದೇಶದ ಪುರೋಹಿತನ ಹೆಣ್ಣುಮಕ್ಕಳು ನೀರು ಸೇದಿ ತುಂಬಿದ್ದೂ ಇಂತಹ ಬಾನಿಗಳನ್ನೇ. ಅರಬ್ಬೀ ಶಬ್ದದ ಪ್ರಸಿದ್ಧ ಪ್ರಯೋಗವೂ ಹೀಬ್ರೂ ಶಬ್ದದ ಪ್ರಸಿದ್ಧ ಪ್ರಯೋಗವೂ ಮಿದ್ಯನ್ ದೇಶದ ಕಥೆಯಲ್ಲಿಯೇ ಕೂಡುವುದು ಆಕಸ್ಮಿಕವಾದರೂ ರಮಣೀಯವಾಗಿದೆ. ಒಂದೇ ಹೆಸರನ್ನು ಓದಿ ಅರಬ್ಬನು ಬಂಧುಗಳ ಗುಂಪನ್ನೂ, ಹೀಬ್ರೂ ಬಲ್ಲವನು ನೀರಿನ ಬಾನಿಯನ್ನೂ ಕಾಣಬಹುದು. ಈ ಊರಿನ ಕಥೆಯಲ್ಲಿ ಈ ಎರಡು ಕಾಣ್ಕೆಗಳೂ ಉಂಟು; ನೀರು, ದೀಪ, ಶಾಲೆಗಳನ್ನು ಒದಗಿಸುವೆವೆಂದು ಸರ್ಕಾರವು ಹೇಳಿತು, ನಮ್ಮ ಗುಂಪು ಒಡೆಯದೆ ಉಳಿಯಬೇಕೆಂದು ಜನರು ಹೇಳಿದರು.

ಇನ್ನು ‘ಬೆಡೂಯಿನ್’ ಎಂಬ ಶಬ್ದ. ಇದು ಅರಬ್ಬಿಯ ‘ಬದವೀ’ ಎಂಬುದರ ಯೂರೋಪೀಯ ರೂಪ. ಮೂಲಧಾತುವಿಗೆ ‘ತೋರುವುದು, ಬಯಲಿಗೆ ಬರುವುದು’ ಎಂದರ್ಥ. ‘ಬಾದಿಯಾ’ ಎಂದರೆ ಮರೆಯಿಲ್ಲದ ಬಯಲು. ಆದುದರಿಂದ ಬದವೀ ಎಂದರೆ ಬಯಲಿನವನು ಎಂದಾಗುವುದೇ ಹೊರತು ಅಲೆಯುವವನು ಎಂದಾಗುವುದಿಲ್ಲ. ಇದಕ್ಕೆ ಪ್ರತಿಯಾದ ಶಬ್ದ ‘ಹದರೀ’: ಒಂದೆಡೆ ಇರುವವನು, ಸನ್ನಿಹಿತನು. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನನು ೧೩೭೭ರಲ್ಲಿ ಬರೆದು ಮುಗಿಸಿದ ‘ಮುಖದ್ದಿಮಾ’ ಗ್ರಂಥದಲ್ಲಿ ಮನುಷ್ಯಸಮಾಜವನ್ನು ಈ ಎರಡು ಶಬ್ದಗಳಿಂದಲೇ ವಿಭಾಗಿಸಿ, ಬಯಲಿನವರ ಬಲವು ಅವರ ‘ಅಸಬಿಯ್ಯಾ’ದಲ್ಲಿ, ಎಂದರೆ ಬಂಧುಸಂಘಟನೆಯ ಅಭಿಮಾನದಲ್ಲಿ ಇದೆಯೆಂದು ಪ್ರತಿಪಾದಿಸಿದನು. ಅವನ ವಿಭಾಗದಲ್ಲಿ ಬಯಲಿನ ಬಾಳೆಂದರೆ ಪಶುಪಾಲನೆ ಮಾತ್ರವಲ್ಲ. ಹೊಲಗೆಲಸವೂ ಅದರಲ್ಲಿ ಅಡಕವಾಗಿದೆ. ಇದನ್ನು ಮರೆತು ಬದವೀ ಶಬ್ದವನ್ನು ‘ಅಲೆಮಾರಿ’ ಎಂದು ಭಾಷಾಂತರಿಸಿದಲ್ಲಿ ಅರ್ಥವು ಸಂಕುಚಿತವಾಗುವುದು. ಆ ಸಂಕೋಚವು ಕೋಶದಲ್ಲಿಯೇ ಉಳಿದಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಅದು ನೆಲದ ಮೇಲೂ ಇಳಿಯಿತು.

ವಸ್ತುಸ್ಥಿತಿಯು ಹೀಗಿದ್ದಿತು. ಬೇರ್‌ಶೇಬದ ಸುತ್ತ ವರ್ಷಕ್ಕೆ ಸುಮಾರು ೨೦೦ ಮಿಲಿಮೀಟರ್ ಮಳೆ ಬೀಳುವುದು, ಅದೂ ಚಳಿಗಾಲದಲ್ಲಿ. ಅಷ್ಟು ಮಳೆಗೆ ಬಾರ್ಲಿ ಎಂಬ ಯವಧಾನ್ಯವು ಬೆಳೆಯುವುದು. ಹತ್ತೊಂಬತ್ತನೆಯ ಶತಮಾನದ ವೇಳೆಗೆ ಇಲ್ಲಿನ ಬೆಡೂಯಿನರಲ್ಲಿ ಬಹುಮಂದಿ ಒಂಟೆಯನ್ನು ನೇಗಿಲಿಗೆ ಹೂಡಿ ಉಳುತ್ತಿದ್ದರು. ಬಿತ್ತನೆಯ ಕಾಲಕ್ಕೂ ಕೊಯ್ಲಿನ ಕಾಲಕ್ಕೂ ತಮ್ಮ ತಮ್ಮ ಹೊಲಗಳ ಬಳಿ ಇದ್ದು, ಮಿಕ್ಕ ತಿಂಗಳುಗಳಲ್ಲಿ ಮೇವನ್ನು ಅನುಸರಿಸಿ ಹೋಗುತ್ತಿದ್ದರು. ಗಾಜಾ ಬಂದರಿನಿಂದ ಈ ಸೀಮೆಯ ಬಾರ್ಲಿಯು ಇಂಗ್ಲೆಂಡಿನ ಮದ್ಯದ ಕಾರ್ಖಾನೆಗಳಿಗೆ ಹಡಗಿನಲ್ಲಿ ಹೋಗುತ್ತಿದ್ದಿತು. ಯಾವ ಹೊಲವು ಯಾರದು, ಎಲ್ಲೆ ಯಾವುದು ಎಂಬುದು ಕುಲಗಳಿಗೆ ಗೊತ್ತಿತ್ತು. ಕ್ರಯ, ಅಡಮಾನ, ಪಾಲು ಎಲ್ಲವೂ ನಡೆಯುತ್ತಿದ್ದುವು. ತುರ್ಕರ ಸರ್ಕಾರವು ೧೯೦೦ರಲ್ಲಿ ಬೆಡೂಯಿನರ ಆಡಳಿತಕ್ಕಾಗಿ ಬೇರ್‌ಶೇಬ ಪಟ್ಟಣವನ್ನು ಚದುರಂಗದ ಹಲಗೆಯಂತೆ ಬೀದಿಗಳನ್ನು ಎಳೆದು ಕಟ್ಟಿತು. ಅದಕ್ಕೆ ಬೇಕಾದ ನೆಲವನ್ನು ಅಜಾಜ್ಮಾ ಕುಲದವರಿಂದ ಕ್ರಯಕ್ಕೆ ಪಡೆಯಿತು. ಕ್ರಯ ಕೊಟ್ಟವನು ಒಡೆತನವನ್ನು ಒಪ್ಪಿದಂತೆಯೇ ಸರಿ. ಬ್ರಿಟಿಷರ ಕಾಲದಲ್ಲಿ, ೧೯೨೯ರಿಂದ ಹತ್ತು ವರ್ಷ, ಈ ಜಿಲ್ಲೆಯ ಅಧಿಕಾರಿಯಾಗಿದ್ದ ಆರಿಫ್ ಅಲ್ ಆರಿಫ್ ಎಂಬ ಅರಬ್ಬೀ ವಿದ್ವಾಂಸನು ಬೆಡೂಯಿನರ ನ್ಯಾಯಪದ್ಧತಿಯನ್ನು ಕುರಿತು ೧೯೩೩ರಲ್ಲಿಯೂ, ಬೇರ್‌ಶೇಬದ ಕುಲಗಳ ಇತಿಹಾಸವನ್ನು ಕುರಿತು ೧೯೩೪ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದನು. ಲಿಖಿತವಲ್ಲದ ಧರ್ಮಶಾಸ್ತ್ರವೊಂದು ಅಲ್ಲಿ ಜೀವಂತವಾಗಿದ್ದಿತೆಂಬುದಕ್ಕೆ ಅವು ಸಾಕ್ಷಿ.

ಇನ್ನು ಈ ಜನರ ಮನೆಯ ವಿಚಾರ. ಇಲ್ಲಿ ಸಾಹಿತ್ಯಾಧ್ಯಾಪಕರಿಗೆ ವಿಶೇಷವಾಗಿ ರುಚಿಸತಕ್ಕ ಸಂಗತಿಯೊಂದುಂಟು. ಅರಬ್ಬಿಯಲ್ಲಿ ‘ಬೈತ್’ ಎಂದರೆ ಮನೆ. ಗುಡಾರವೂ ಬೈತ್, ಕಟ್ಟಡವೂ ಬೈತ್. ಪದ್ಯದ ಒಂದು ಸಾಲಿಗೂ ಬೈತ್ ಎಂದೇ ಹೆಸರು. ‘ಬೈತ್ ಶಅರ್’ ಎಂದರೆ ಕೂದಲಿನ ಮನೆ, ಎಂದರೆ ಆಡಿನ ಕೂದಲಿನಿಂದ ನೇಯ್ದ ಗುಡಾರ. ‘ಬೈತ್ ಶಿಅರ್’ ಎಂದರೆ ಕಾವ್ಯದ ಮನೆ, ಪದ್ಯದ ಸಾಲು. ಸ್ವರವೊಂದರ ಭೇದ ಮಾತ್ರ. ಎಂಟನೆಯ ಶತಮಾನದಲ್ಲಿ ಬಸ್ರಾ ಪಟ್ಟಣದ ಖಲೀಲ್ ಇಬ್ನ್ ಅಹ್ಮದ್ ಎಂಬ ಲಾಕ್ಷಣಿಕನು ಅರಬ್ಬೀ ಛಂದಸ್ಸಿಗೆ ಶಾಸ್ತ್ರವನ್ನು ರಚಿಸಿದಾಗ ಪರಿಭಾಷೆಯನ್ನು ಗುಡಾರದಿಂದಲೇ ತೆಗೆದುಕೊಂಡನು. ಅಕ್ಷರಗಣದ ಒಂದು ಬಗೆಗೆ ‘ಸಬಬ್’, ಹಗ್ಗ. ಇನ್ನೊಂದಕ್ಕೆ ‘ವತದ್’, ಗೂಟ. ಸಾಲಿನ ಅರ್ಧಕ್ಕೆ ‘ಮಿಸ್ರಾ’, ಬಾಗಿಲಿನ ಒಂದು ರೆಕ್ಕೆ. ಹಗ್ಗವು ಸಡಿಲವಾಗಬಹುದು, ಗೂಟವು ಕದಲಬಾರದು; ಛಂದಸ್ಸಿನಲ್ಲಿಯೂ ಸಬಬ್ ಸಹಜವಾಗಿ ವ್ಯತ್ಯಾಸ ಹೊಂದುವುದು, ವತದ್ ಬಹುಮಟ್ಟಿಗೆ ಸ್ಥಿರವಾಗಿ ನಿಲ್ಲುವುದು. ನಮ್ಮ ಛಂದಶ್ಶಾಸ್ತ್ರವು ಪದ್ಯಕ್ಕೆ ಪಾದಗಳನ್ನು ಕಲ್ಪಿಸಿ ಅದನ್ನು ನಾಲ್ಕು ಕಾಲಿನ ಜೀವದಂತೆ ನಡೆಯಿಸಿತು. ನಡೆಯುತ್ತಲೇ ಬಾಳಿದವರೆಂದು ಹೆಸರಾದ ಅರಬ್ಬರು ಪದ್ಯವನ್ನು ಗೂಟ ಹೊಡೆದು ನಿಲ್ಲಿಸಿದರು. ಇದು ವಿಚಾರಾರ್ಹವಾದ ವೈಪರೀತ್ಯ.

ಗುಡಾರವು ನೋಡುವವನಿಗೆ ಸರಳವಾಗಿ ಕಂಡರೂ ಅದರೊಳಗೆ ಕ್ರಮವುಂಟು. ಕರಿಯ ಆಡಿನ ಕೂದಲನ್ನು ಹೆಂಗಸರು ನೂತು, ನೆಲದ ಮೇಲೆ ಹೂಡಿದ ಮಗ್ಗದಲ್ಲಿ ಉದ್ದನೆಯ ಪಟ್ಟಿಗಳಾಗಿ ನೇಯ್ದು, ಪಟ್ಟಿಗಳನ್ನು ಅಂಚಿಗಂಚು ಹೊಲಿಯುವರು. ಮಳೆ ಬಿದ್ದಾಗ ಎಳೆಯು ಉಬ್ಬಿ ನೇಯ್ಗೆಯ ಕಿಂಡಿಗಳು ಮುಚ್ಚಿಕೊಳ್ಳುವುವು. ಬಿಸಿಲಿನಲ್ಲಿ ಅವೇ ಕಿಂಡಿಗಳಿಂದ ಗಾಳಿಯಾಡುವುದು. ಒಳಗೆ ನಡುವೆ ತೆರೆ. ಒಂದು ಕಡೆ ‘ಶಿಗ್’, ಗಂಡಸರೂ ಅತಿಥಿಗಳೂ ಕೂಡುವ, ಕಾಫಿಯ ಒಲೆಯುಳ್ಳ ಭಾಗ. ಇನ್ನೊಂದು ಕಡೆ ‘ಮಹ್ರಮ್’, ಹೆಂಗಸರ ಭಾಗ. ಗುಡಾರದಿಂದ ಗುಡಾರಕ್ಕೆ ಎಷ್ಟು ದೂರವಿರಬೇಕೆಂಬುದರಲ್ಲಿಯೂ ಅರ್ಥವಿದ್ದಿತು: ಅಣ್ಣತಮ್ಮಂದಿರ ಗುಡಾರಗಳು ಹತ್ತಿರ, ದಾಯಾದಿಗಳವು ಆಚೆ, ಪರಕುಲದವರವು ದಿಬ್ಬದ ಮರೆಗೆ. ಜಗಳವಾದರೆ ಗೂಟ ಕಿತ್ತು ದೂರ ಹೋಗಬಹುದು. ಆದಕಾರಣ ಗುಡಾರಗಳ ನಡುವಣ ಬರಿದಾದ ನೆಲವು ಬರಿದಾದುದಲ್ಲ. ಮಾನ, ಮರ್ಯಾದೆ, ಶಾಂತಿಗಳನ್ನು ಕಾಪಾಡುವ ಉಪಾಯವೇ ಅದು. ಹೊಸ ಊರನ್ನು ಯೋಜಿಸಿದವರಲ್ಲಿ ಮೊದಲಿಗರು ಇದನ್ನು ಗಮನಿಸಲಿಲ್ಲ. ಅದನ್ನು ಮುಂದೆ ಹೇಳುವೆನು.

ಅದಕ್ಕೂ ಮುಂಚೆ ಇನ್ನೊಂದು ಶಬ್ದವನ್ನು ವಿವರಿಸಬೇಕು. ಇಡಿಯ ವಿವಾದವು ಅದರ ಮೇಲೆಯೇ ನಿಂತಿದೆ. ೧೮೫೮ರ ತುರ್ಕರ ಭೂಕಾನೂನಿನಲ್ಲಿ ‘ಮವಾತ್’ ಎಂಬ ಒಂದು ವರ್ಗದ ನೆಲವುಂಟು. ಮವಾತ್ ಎಂದರೆ ಸತ್ತದ್ದು. ಯಾರ ವಶದಲ್ಲಿಯೂ ಇಲ್ಲದ, ಊರಿನಿಂದ ಬಹುದೂರವಾದ ನೆಲವೇ ಸತ್ತ ನೆಲ. ಅದು ಸರ್ಕಾರಕ್ಕೆ ಸೇರಿದ್ದು. ದೂರವನ್ನು ಅಳೆಯುವುದು ಹೇಗೆ? ಊರಿನ ಅಂಚಿನಲ್ಲಿ ನಿಂತ ಗಟ್ಟಿದನಿಯ ಮನುಷ್ಯನ ಕೂಗು ಎಲ್ಲಿ ಕೇಳಿಸದೋ ಅಲ್ಲಿಂದಾಚೆ, ಎಂದರೆ ಸುಮಾರು ಒಂದೂವರೆ ಮೈಲಿಯಾಚೆ, ನೆಲವು ಸತ್ತದ್ದು ಎಂದು ಕಾನೂನು ಹೇಳುವುದು. ನಮ್ಮವರು ‘ಕೂಗಳತೆ’ ಎನ್ನುವ ಅಳತೆಯೇ ಇದು. ಸತ್ತ ನೆಲವನ್ನು ಉತ್ತು ಬದುಕಿಸಿದವನಿಗೆ ಹಕ್ಕು ಹುಟ್ಟುವುದೆಂದೂ ಹಳೆಯ ಪದ್ಧತಿಯಿದ್ದಿತು. ಬ್ರಿಟಿಷರು ೧೯೨೧ರಲ್ಲಿ ಇದನ್ನು ಬಿಗಿಮಾಡಿ, ಅನುಮತಿಯಿಲ್ಲದೆ ಅಂತಹ ನೆಲವನ್ನು ಉಳುವುದು ಅಕ್ರಮವೆಂದೂ, ಅದುವರೆಗೆ ಉತ್ತವರು ಎರಡು ತಿಂಗಳೊಳಗಾಗಿ ದಾಖಲೆ ಮಾಡಿಸಿಕೊಳ್ಳಬೇಕೆಂದೂ ಶಾಸನಮಾಡಿದರು. ಬೆಡೂಯಿನರಲ್ಲಿ ದಾಖಲೆ ಮಾಡಿಸಿದವರು ಅತಿವಿರಳ. ದಾಖಲೆಯೆಂದರೆ ಕಂದಾಯವೆಂಬ ಭಯ ಒಂದು. ತಮ್ಮ ನೆಲವು ತಮ್ಮದೆಂದು ತಮ್ಮ ನೆರೆಯವರೆಲ್ಲರಿಗೂ ಗೊತ್ತಿರಲು ಕಾಗದವೇಕೆಂಬ ನಂಬಿಕೆ ಇನ್ನೊಂದು.

ಕೂಗಳತೆಯನ್ನು ಎಲ್ಲಿಂದ ಅಳೆಯಬೇಕು? ಪ್ರಶ್ನೆಯು ಇಲ್ಲಿಯೇ ಇದೆ. ಗುಡಾರಗಳ ಹಟ್ಟಿಯನ್ನು ಊರೆಂದು ಎಣಿಸಿದರೆ ಸುತ್ತಣ ಹೊಲವೆಲ್ಲ ಜೀವಂತ; ಎಣಿಸದಿದ್ದರೆ ನೆಗೆವ್ ಎಲ್ಲವೂ ಸತ್ತ ನೆಲ. ೧೯೮೪ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವು ಹವಾಶ್ಲಾ ಕುಲದವರ ವ್ಯಾಜ್ಯದಲ್ಲಿ ಎರಡನೆಯ ಪಕ್ಷವನ್ನು ಹಿಡಿಯಿತು. ಅದಕ್ಕೆ ಆಧಾರವಾಗಿ ತೆಗೆದುಕೊಂಡ ಸಾಕ್ಷ್ಯಗಳಲ್ಲಿ ಒಂದು, ೧೮೭೦ರ ಸುಮಾರಿನಲ್ಲಿ ಆ ಪ್ರದೇಶದಲ್ಲಿ ಸಂಚರಿಸಿದ ಎಡ್ವರ್ಡ್ ಹೆನ್ರಿ ಪಾಮರನ ಪ್ರವಾಸವರ್ಣನೆ. ಪಾಮರನು ಕೇಂಬ್ರಿಜ್ಜಿನಲ್ಲಿ ಅರಬ್ಬಿಯ ಅಧ್ಯಾಪಕನಾಗಿದ್ದವನು, ಖುರಾನನ್ನು ಇಂಗ್ಲಿಷಿಗೆ ತಂದವನು, ೧೮೮೨ರಲ್ಲಿ ಸಿನಾಯಿಯಲ್ಲಿ ಬೆಡೂಯಿನರ ಕೈಯಿಂದಲೇ ಹತನಾದವನು. ಅಂತಹ ಭಾಷಾಪಂಡಿತನು ಬರೆದ ಒಂದು ಭೂವರ್ಣನೆಯು ಶತಮಾನವೊಂದು ಕಳೆದ ಮೇಲೆ ಸಾವಿರಾರು ಜನರ ಹಕ್ಕಿನ ನಿರ್ಣಯಕ್ಕೆ ಒದಗಿತು. ದಾರಿಹೋಕನು ಕಂಡ ಬರಡುತನವು ಆ ನೆಲದ ಸ್ವರೂಪಲಕ್ಷಣವೋ ತಟಸ್ಥಲಕ್ಷಣವೋ ಎಂಬ ಪ್ರಶ್ನೆಯನ್ನು ತಾರ್ಕಿಕನಾದವನು ಕೇಳದೆ ಇರಲಾರನು. ಮುಂದೆ ಉಕ್ಬೀ ಕುಟುಂಬದ ವ್ಯಾಜ್ಯದಲ್ಲಿ ಓರೆನ್ ಯಿಫ್ತಾಖೆಲ್, ರೂತ್ ಕಾರ್ಕ್ ಎಂಬ ಇಬ್ಬರು ಭೂಗೋಳಪಂಡಿತರು ಇದೇ ವಿಷಯವನ್ನು ಹಿಡಿದು ಎದುರುಬದುರಾಗಿ ಸಾಕ್ಷ್ಯ ನುಡಿದರು: ಆತನು ಅಲ್ಲಿ ಸ್ಥಿರವಾದ ಕೃಷಿಯೂ ವಸತಿಯೂ ಇದ್ದುವೆಂದನು, ಆಕೆ ಇರಲಿಲ್ಲವೆಂದಳು. ಬೇರ್‌ಶೇಬದ ನ್ಯಾಯಾಲಯವು ೨೦೧೨ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿಯೂ ಕುಟುಂಬದ ವಿರುದ್ಧವಾಗಿ ತೀರ್ಪನ್ನಿತ್ತುವು.

ಇತಿಹಾಸದ ಮಿಕ್ಕ ಭಾಗವನ್ನು ಸಂಕ್ಷೇಪಿಸುವೆನು. ೧೯೪೮ರ ಯುದ್ಧಕ್ಕೆ ಮೊದಲು ನೆಗೆವ್ ಪ್ರದೇಶದಲ್ಲಿ ಅರವತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ, ಕೆಲವರ ಲೆಕ್ಕದಲ್ಲಿ ತೊಂಬತ್ತು ಸಾವಿರದಷ್ಟು ಬೆಡೂಯಿನರಿದ್ದರು. ಯುದ್ಧದ ತರುವಾಯ ಇಸ್ರೇಲಿನ ಎಲ್ಲೆಯೊಳಗೆ ಉಳಿದವರು ಸುಮಾರು ಹನ್ನೊಂದು ಸಾವಿರ. ಮಿಕ್ಕವರು ಗಾಜಾ, ಜೋರ್ಡಾನ್, ಸಿನಾಯಿಗಳ ಪಾಲಾದರು. ಉಳಿದವರಲ್ಲಿ ಬಹುಮಂದಿಯನ್ನು ಬೇರ್‌ಶೇಬಕ್ಕೆ ಪೂರ್ವದ ‘ಸಿಯಾಗ್’ ಎಂಬ ವಲಯದೊಳಕ್ಕೆ ಸೇರಿಸಲಾಯಿತು. ಸಿಯಾಗ್ ಎಂದರೆ ಬೇಲಿ. ೧೯೬೬ರವರೆಗೆ ಅಲ್ಲಿ ಸೈನ್ಯದ ಆಡಳಿತ. ಹೊರಗೆ ಹೋಗಲು ರಹದಾರಿ ಬೇಕಾಗಿದ್ದಿತು. ೧೯೬೫ರ ಕಟ್ಟಡಯೋಜನೆಯ ಕಾನೂನು ಬಂದಾಗ ನಕ್ಷೆಯಲ್ಲಿ ಈ ಹಟ್ಟಿಗಳನ್ನು ಗುರುತಿಸಲೇ ಇಲ್ಲವಾದುದರಿಂದ ಅಲ್ಲಿ ಕಟ್ಟಿದ ಪ್ರತಿಯೊಂದು ಗೋಡೆಯೂ ಅಕ್ರಮವಾಯಿತು. ಅಲೆಯುವುದನ್ನು ಬೇಲಿ ತಡೆಯಿತು. ನಿಲ್ಲುವುದನ್ನು ನಕ್ಷೆ ತಡೆಯಿತು. ಯೋಜಿತ ನಗರಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಅಲೆಮಾರಿಗಳನ್ನು ಮರುಭೂಮಿಯಿಂದ ನೇರವಾಗಿ ಊರಿಗೆ ಕರೆತಂದರೆಂಬ ಜನಪ್ರಿಯವಾದ ಕಥೆಯಲ್ಲಿ ಈ ನಡುವಣ ಹದಿನೆಂಟು ವರ್ಷಗಳು ಬಿಟ್ಟುಹೋಗಿರುತ್ತವೆ.

ಮೊದಲ ಪ್ರಯತ್ನವು ರಹತ್ ಅಲ್ಲ, ತೆಲ್ ಶೇವಾ. ೧೯೬೦ರ ದಶಕದ ಕೊನೆಯಲ್ಲಿ ಬೇರ್‌ಶೇಬದ ಹತ್ತಿರ ಅದನ್ನು ಕಟ್ಟಿದರು. ಸುಮಾರು ೪೦೦ ಚದರ ಮೀಟರ್ ನಿವೇಶನದಲ್ಲಿ ಸರ್ಕಾರವೇ ಕಟ್ಟಿದ ಸಣ್ಣ ಮನೆ, ಒಂದಕ್ಕೊಂದು ಸಮೀಪ, ಬೇರೆಬೇರೆ ಕುಲಗಳವರು ಮಿಶ್ರವಾಗಿ ವಾಸಮಾಡುವರೆಂಬ ಎಣಿಕೆ. ವಾಸಮಾಡತಕ್ಕವರನ್ನು ಕೇಳಿ ಮಾಡಿದ್ದಲ್ಲ. ಆ ಮನೆಗಳಲ್ಲಿ ಅತಿಥಿಗೆ ಎಡೆಯಿಲ್ಲ, ಕುರಿಗೆ ಎಡೆಯಿಲ್ಲ, ನೆರೆಯ ಕಿಟಕಿಯಿಂದ ಪರಕುಲದವನ ಕಣ್ಣು ಹೆಂಗಸರ ಅಂಗಳಕ್ಕೆ ಬೀಳುವುದು. ಮನೆಗಳು ಬಹುಕಾಲ ಖಾಲಿಯಾಗಿ ನಿಂತವು. ವಾಸ್ತುವಿದ್ಯೆಯ ದೃಷ್ಟಿಯಿಂದ ಅವುಗಳಲ್ಲಿ ದೋಷವಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಮೇಲೆ ಹೇಳಿದ ಅಂತರದ ಅರ್ಥವನ್ನು ತಿಳಿಯದೆ ಹೂಡಿದ ಊರು ಅದು. ಹಗ್ಗವೂ ಗೂಟವೂ ಇದ್ದು ಛಂದಸ್ಸು ಕೆಟ್ಟ ಪದ್ಯದಂತೆ ಆಯಿತು.

ರಹತ್ ನಗರದಲ್ಲಿ ಕ್ರಮವನ್ನು ತಿರುಗಿಸಿದರು. ಹುಜಯ್ಯಿಲ್ ಕುಲದ ಸೀಮೆಯಲ್ಲಿ ಊರನ್ನು ಗುರುತಿಸಿ, ಅದನ್ನು ಮೂವತ್ತಮೂರು ಕೇರಿಗಳಾಗಿ ವಿಭಾಗಿಸಿ, ಬಹುಮಟ್ಟಿಗೆ ಒಂದೊಂದು ದೊಡ್ಡ ಕುಟುಂಬಕ್ಕೆ ಒಂದೊಂದು ಕೇರಿಯನ್ನು ಕೊಟ್ಟರು. ನಿವೇಶನಗಳನ್ನು ಗಣನೀಯವಾಗಿ ವಿಶಾಲಮಾಡಿದರು. ಮನೆಯನ್ನು ಸರ್ಕಾರವು ಕಟ್ಟಲಿಲ್ಲ. ನೆಲವನ್ನು ದೀರ್ಘಕಾಲದ ಗುತ್ತಿಗೆಗೆ ಕೊಟ್ಟು, ಅವರವರ ಮನೆಯನ್ನು ಅವರವರೇ ಕಟ್ಟಿಕೊಳ್ಳಲು ಬಿಟ್ಟರು. ಕೇರಿಗಳ ನಡುವೆ ಹಳ್ಳವೋ, ರಸ್ತೆಯೋ, ಬಯಲೋ ಅಂತರವಾಗಿ ಬಂದಿತು. ಜನರು ಬಂದರು. ‘ರಹ್ತ್’ ಶಬ್ದದ ಅರ್ಥವನ್ನು ನಕ್ಷೆಯು ಒಪ್ಪಿಕೊಂಡಷ್ಟು ಮಟ್ಟಿಗೆ ಊರು ನಿಂತಿತೆಂದು ನನ್ನ ಅಭಿಪ್ರಾಯ. ಮುಂದೆ ಇದೇ ಮಾದರಿಯಲ್ಲಿ, ೧೯೭೯ರಿಂದ ಆ ಮುಂದಿನ ದಶಕದ ಕೊನೆಯೊಳಗಾಗಿ, ಶಕೀಬ್ ಅಸ್ಸಲಾಮ್, ಅರ್‌ಆರಾ, ಕುಸೈಫಾ, ಲಕಿಯಾ, ಹೂರಾ ಎಂಬ ಐದು ಊರುಗಳನ್ನು ಹೂಡಿದರು. ಹಿಂದಿನ ಎರಡನ್ನೂ ಸೇರಿಸಿ ಒಟ್ಟು ಏಳು.

ಆದರೆ ಮೊದಲು ಬಂದವರು ಯಾರು ಎಂಬುದನ್ನು ಗಮನಿಸಬೇಕು. ಬೆಡೂಯಿನರ ನಡುವೆ ಹತ್ತೊಂಬತ್ತನೆಯ ಶತಮಾನದಿಂದ ಬಂದು ಸೇರಿಕೊಂಡ, ಸ್ವಂತ ಹೊಲವಿಲ್ಲದೆ ಗೇಣಿಗೆ ಉಳುತ್ತಿದ್ದ ರೈತಾಪಿ ಕುಟುಂಬಗಳಿದ್ದುವು. ಅವರಿಗೆ ಬಿಟ್ಟುಕೊಡತಕ್ಕ ನೆಲವಿರಲಿಲ್ಲ. ಆದುದರಿಂದ ಊರು ಅವರಿಗೆ ಲಾಭವೇ ಆಯಿತು. ಹೊಲದ ಹಕ್ಕನ್ನು ಹೇಳುತ್ತಿದ್ದವರ ಸ್ಥಿತಿ ಬೇರೆ. ೧೯೭೦ರ ದಶಕದಲ್ಲಿ ಸರ್ಕಾರವು ಹಕ್ಕುಪತ್ರಗಳನ್ನು ಕರೆದಾಗ ಮೂರು ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದುವು. ಅವುಗಳಲ್ಲಿ ಹೆಚ್ಚಿನವು ಬಹುಕಾಲ ಇತ್ಯರ್ಥವಾಗದೆ ಉಳಿದುವು. ಹೊಲವನ್ನು ಬಿಟ್ಟು ಊರಿಗೆ ಹೋದರೆ ಅರ್ಜಿಯ ಬಲವು ಕುಂದುವುದೆಂಬ ಭಯ ಅವರಿಗೆ. ಇದಲ್ಲದೆ ಒಬ್ಬನು ತನ್ನದೆಂದು ಹೇಳುವ ನೆಲದಲ್ಲಿ ಇನ್ನೊಬ್ಬನು ಮನೆ ಕಟ್ಟಬಾರದೆಂಬುದು ಬೆಡೂಯಿನರ ಅಲಿಖಿತಧರ್ಮ. ಸರ್ಕಾರವು ಆ ನೆಲವನ್ನು ನಿವೇಶನವಾಗಿ ಹಂಚಿದರೂ ಕೊಳ್ಳುವವರಿಲ್ಲ. ಹೀಗಾಗಿ ಊರೊಳಗೆ ನಿವೇಶನಕ್ಕೆ ಹಾಹಾಕಾರವಿರುವಾಗಲೇ ಪಕ್ಕದಲ್ಲಿ ಖಾಲಿ ನಿವೇಶನಗಳು ಬಿದ್ದಿರುವುದುಂಟು. ಹೊರಗಿನವನಿಗೆ ಇದು ಮೂರ್ಖತನವೆಂದು ತೋರಬಹುದು. ನ್ಯಾಯಾಲಯವು ಒಪ್ಪದ ಹಕ್ಕನ್ನು ನೆರೆಯವನು ಒಪ್ಪಿ ನಡೆಯುತ್ತಿರುವನೆಂಬುದೇ ಅದರ ತಾತ್ಪರ್ಯ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಶಾಲೆ, ಚಿಕಿತ್ಸಾಲಯ, ಕೊಳಾಯಿಯ ನೀರು, ವಿದ್ಯುಚ್ಛಕ್ತಿ ಇವೆಲ್ಲವನ್ನೂ ಚದುರಿದ ಹಟ್ಟಿಗಳಿಗೆ ಕೊಂಡೊಯ್ಯುವುದು ದುಸ್ಸಾಧ್ಯ. ಜನರನ್ನು ಒಂದೆಡೆ ಸೇರಿಸದೆ ವಿದ್ಯೆಯೂ ಆರೋಗ್ಯವೂ ಹೇಗೆ ದೊರೆತಾವು? ಇದು ತಳ್ಳಿಹಾಕತಕ್ಕ ವಾದವಲ್ಲ. ರಹತ್ ನಗರದ ಮಕ್ಕಳು ಓದಿ ವೈದ್ಯರೂ ವಕೀಲರೂ ಅಧ್ಯಾಪಕರೂ ಆಗಿರುವರು. ಆದರೆ ಸೇರಿಸಿದ ಮೇಲೆ ಜೀವನೋಪಾಯವೇನು ಎಂಬ ಪ್ರಶ್ನೆಗೆ ಯೋಜಕರ ಬಳಿ ಉತ್ತರವಿರಲಿಲ್ಲ. ೧೯೬೩ರಲ್ಲಿಯೇ ಅಂದಿನ ಕೃಷಿಸಚಿವನಾದ ಮೋಶೆ ದಯಾನನು ಬೆಡೂಯಿನರು ಪಟ್ಟಣದ ಕೂಲಿಕಾರರಾಗಬೇಕೆಂಬ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿದ್ದನು. ಊರುಗಳನ್ನು ಹೂಡಿದಾಗ ಹೊಲವಿಲ್ಲ, ಮೇವಿಲ್ಲ, ಕಾರ್ಖಾನೆಯೂ ಇಲ್ಲ; ಹಗಲೆಲ್ಲ ಗಂಡಸರು ಪರವೂರಿನ ಕೂಲಿಗೆ ಹೋಗಿ ರಾತ್ರಿ ಮಲಗಲು ಬರುವ ಊರಾಯಿತು. ಊರಿನ ಹತ್ತಿರ ಕೈಗಾರಿಕೆಯ ವಲಯವೊಂದು ಏರ್ಪಟ್ಟು, ಸೋಡಾಯಂತ್ರಗಳ ದೊಡ್ಡ ಕಾರ್ಖಾನೆಯೊಂದು ಅಲ್ಲಿ ನೆಲೆಗೊಂಡುದು ೨೦೧೫ರ ಹೊತ್ತಿಗೆ, ಎಂದರೆ ಊರು ಹುಟ್ಟಿ ನಾಲ್ವತ್ತು ವರ್ಷಗಳಾದ ಬಳಿಕ. ಇಸ್ರೇಲಿನ ಊರುಗಳನ್ನು ಆರ್ಥಿಕಸ್ಥಿತಿಯಂತೆ ಹತ್ತು ವರ್ಗಗಳಾಗಿ ಎಣಿಸುವ ಸರ್ಕಾರಿ ಪಟ್ಟಿಯಲ್ಲಿ ರಹತ್ ನಗರವು ತೀರ ಕೆಳಗಿನ ವರ್ಗದಲ್ಲಿಯೇ ಬಂದಿರುತ್ತದೆ.

ಹೆಂಗಸರ ಪಾಡು ಇದಕ್ಕಿಂತ ಸೂಕ್ಷ್ಮವಾದುದು. ಬಯಲಿನಲ್ಲಿ ಕುರಿ ಕಾಯುವುದು, ನೀರು ತರುವುದು, ಹಾಲು ಕಡೆಯುವುದು, ನೂಲುವುದು, ನೇಯುವುದು, ಗುಡಾರ ಕಟ್ಟುವುದು ಎಲ್ಲವೂ ಅವರ ಕೈಯಲ್ಲಿದ್ದುವು. ಮನೆಯೆಂಬುದು ಅಕ್ಷರಶಃ ಅವರು ನೇಯ್ದದ್ದು. ಊರಿಗೆ ಬಂದ ಮೇಲೆ ಮನೆಯನ್ನು ಗಂಡಸರು ಸಿಮೆಂಟಿನಿಂದ ಕಟ್ಟಿಸಿದರು, ಕುರಿಯಿಲ್ಲ, ಕೇರಿಯಾಚೆ ಪರಕುಲದವರು ಇರುವುದರಿಂದ ಹೊರಗೆ ಓಡಾಡುವುದಕ್ಕೆ ಹೊಸ ನಿರ್ಬಂಧಗಳು. ನಿಘಂಟುಕಾರರು ರಹ್ತ್ ಎಂಬ ಗುಂಪಿನಲ್ಲಿ ಹೆಂಗಸರನ್ನು ಎಣಿಸಲಿಲ್ಲವೆಂದು ಮೇಲೆ ಹೇಳಿದೆನಷ್ಟೆ. ಊರಿನ ಯೋಜಕರೂ ಎಣಿಸಲಿಲ್ಲ. ಆಡುಗಳಿಗೂ ಇದೇ ಗತಿ. ೧೯೫೦ರಲ್ಲಿ ಆಡುಗಳಿಂದ ಗಿಡಮರಗಳಿಗೆ ಹಾನಿಯೆಂದು ಕಾನೂನು ಮಾಡಿ ಕರಿಯ ಆಡನ್ನು ಮೇಯಿಸುವುದನ್ನು ನಿರ್ಬಂಧಿಸಿದರು. ಆಡು ಕಡಿಮೆಯಾದಂತೆ ಕೂದಲು ಕಡಿಮೆಯಾಗಿ, ಗುಡಾರಕ್ಕೆ ಗೋಣಿತಟ್ಟು ಬಂದಿತು. ಆಡುಗಳು ಕುರುಚಲನ್ನು ಮೇಯದೆ ಹೋದುದರಿಂದಲೇ ಕಾಡಿನ ಬೆಂಕಿ ಹೆಚ್ಚಿತೆಂಬ ವಾದವು ಬಲಗೊಂಡು, ೨೦೧೮ರಲ್ಲಿ ಆ ಕಾನೂನನ್ನು ರದ್ದುಮಾಡಿದರು. ಅಷ್ಟರೊಳಗೆ ಒಂದು ತಲೆಮಾರಿನ ನೇಯ್ಗೆಯು ಕಳೆದುಹೋಗಿದ್ದಿತು. ಲಕಿಯಾ ಊರಿನಲ್ಲಿ ಹೆಂಗಸರು ೧೯೯೦ರ ದಶಕದಿಂದ ಕೂಡಿ ನೆಲದ ಮಗ್ಗವನ್ನು ಮತ್ತೆ ಹೂಡಿ, ಜಮಖಾನೆಗಳನ್ನು ನೇಯ್ದು ಮಾರುತ್ತಿರುವರು. ಗುಡಾರಕ್ಕಾಗಿ ಅಲ್ಲ, ಮಾರಾಟಕ್ಕಾಗಿ.

ಊರಿಗೆ ಬಾರದೆ ಉಳಿದವರ ಮಾತನ್ನೂ ಹೇಳದಿದ್ದರೆ ವಿಷಯವು ಅಪೂರ್ಣವಾಗುವುದು. ರಹತ್ ನಗರಕ್ಕೆ ಸಮೀಪದಲ್ಲಿಯೇ ಅರಾಕೀಬ್ ಎಂಬ ಹಟ್ಟಿಯಿದೆ. ಉಕ್ಬೀ ಕುಟುಂಬದ ವ್ಯಾಜ್ಯವು ಈ ಪ್ರದೇಶದ ನೆಲಕ್ಕೇ ಸಂಬಂಧಿಸಿದ್ದು. ೨೦೧೦ರ ಜುಲೈ ೨೭ರಂದು ಅಲ್ಲಿನ ಮನೆಗಳನ್ನೆಲ್ಲ ಕೆಡವಿದರು, ಜನರು ಮತ್ತೆ ಕಟ್ಟಿದರು, ಮತ್ತೆ ಕೆಡವಿದರು. ಹೀಗೆ ಇನ್ನೂರಕ್ಕೂ ಹೆಚ್ಚು ಸಲ ನಡೆದಿರುತ್ತದೆ. ಇಂತಹ ಮನ್ನಣೆಯಿಲ್ಲದ ಹಟ್ಟಿಗಳ ಜನರನ್ನು ಯೋಜಿತ ಊರುಗಳಿಗೆ ಸೇರಿಸಲು ೨೦೧೧ರಲ್ಲಿ ಸರ್ಕಾರವು ಒಪ್ಪಿದ ಪ್ರಾವರ್ ಯೋಜನೆಯನ್ನು ಪ್ರತಿಭಟನೆಗಳ ದೆಸೆಯಿಂದ ೨೦೧೩ರ ಡಿಸೆಂಬರಿನಲ್ಲಿ ನಿಲ್ಲಿಸಬೇಕಾಯಿತು. ಇನ್ನೊ೦ದು ಸಂಗತಿ. ರಹತ್ ನಗರವನ್ನು ವಿಸ್ತರಿಸಲು ನೆಲವನ್ನು ಅಗೆದಾಗ ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದಿನ ಮಸೀದಿಯೊಂದರ ತಳಪಾಯವು ದೊರೆಯಿತೆಂದು ೨೦೧೯ರಲ್ಲಿಯೂ, ಅಂತಹದೇ ಇನ್ನೊಂದು ದೊರೆಯಿತೆಂದು ೨೦೨೨ರಲ್ಲಿಯೂ ಪುರಾತತ್ತ್ವಶಾಖೆಯವರು ಪ್ರಕಟಿಸಿದರು. ಇದನ್ನು ಬೆಡೂಯಿನರ ಹಕ್ಕಿಗೆ ಪ್ರಮಾಣವೆಂದು ಎತ್ತಿಹಿಡಿಯುವುದು ಸರಿಯಲ್ಲ. ಅಲ್ಲಿ ನಮಾಜು ಮಾಡಿದವರು ಆ ಕಾಲದ ಒಕ್ಕಲಿಗರು. ಆದರೆ ಆ ನೆಲವು ಎಂದೆಂದಿಗೂ ಕೂಗು ಕೇಳಿಸದ ನೆಲವಾಗಿದ್ದಿತೆಂಬ ಮಾತಿಗೆ ಅದು ಬಾಧಕ.

ಕೊನೆಗೆ ಕಾವ್ಯದ ಕಡೆಗೆ. ಪ್ರಾಚೀನ ಅರಬ್ಬೀ ಖಸೀದಾ ಕಾವ್ಯದಲ್ಲಿ ಒಂದು ಪ್ರಸಿದ್ಧವಾದ ಕವಿಸಮಯವುಂಟು. ಕವಿಯು ಒಂಟೆಯನ್ನು ನಿಲ್ಲಿಸಿ, ಪ್ರಿಯೆಯ ಕುಲದವರು ಬಿಟ್ಟುಹೋದ ಬೀಡಿನ ಗುರುತುಗಳನ್ನು ನೋಡುವನು: ಒಲೆಯ ಕಲ್ಲು, ಬೂದಿ, ಗುಡಾರದ ಸುತ್ತ ನೀರು ಹರಿಯಲು ತೋಡಿದ ಕಾಲುವೆ. ಇವಕ್ಕೆ ‘ಅತ್ಲಾಲ್’ ಎಂದು ಹೆಸರು. ಒಬ್ಬ ಕವಿಯು ಆ ಗುರುತುಗಳನ್ನು ಕೈಯ ಮೇಲಣ ಹಚ್ಚೆಗೂ, ಇನ್ನೊಬ್ಬನು ಮಾಸಿದ ಮೇಲೆ ಮತ್ತೆ ತಿದ್ದಿದ ಬರಹಕ್ಕೂ ಹೋಲಿಸಿರುವರು. ಇಮ್ರುಲ್ ಖೈಸನಿಂದ ಮೊದಲುಗೊಂಡು ಶತಮಾನಗಳವರೆಗೆ ಈ ಸಮಯವು ನಡೆದುಬಂದಿತು. ಆ ಕವಿಗಳ ದೃಷ್ಟಿಯಲ್ಲಿ ಮಾಸಿದ ಗುರುತೇ ಅಲ್ಲಿ ಬಾಳಿದ್ದಕ್ಕೆ ಬಲವತ್ತರವಾದ ಪ್ರಮಾಣ. ನೆಲವನ್ನು ಬರಹದಂತೆ ಓದುವುದೇ ಅವರ ವಿದ್ಯೆ. ಮವಾತ್ ಎಂಬ ವರ್ಗವನ್ನು ಕಲ್ಪಿಸಿದ ಕಾನೂನಿನ ದೃಷ್ಟಿಯಲ್ಲಿ ಅದೇ ಗುರುತು ಲೆಕ್ಕಕ್ಕಿಲ್ಲ. ನೆಗೆವ್ ಹಾಗೂ ಸಿನಾಯಿಗಳ ಬೆಡೂಯಿನರು ಆಡುಮಾತಿನಲ್ಲಿ ಕಟ್ಟಿ ಹಾಡಿದ ಕವಿತೆಗಳನ್ನು ಕ್ಲಿಂಟನ್ ಬೇಲಿ ಎಂಬ ವಿದ್ವಾಂಸನು ದಶಕಗಳ ಕಾಲ ಶಿಗ್‌ಗಳಲ್ಲಿ ಕುಳಿತು ಕೇಳಿ ಸಂಗ್ರಹಿಸಿ, ೧೯೯೧ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಅವುಗಳನ್ನು ಹಾಡಿದ ಮುದುಕರಲ್ಲಿ ಹಲವರಿಗೆ ಓದುಬರಹವಿರಲಿಲ್ಲ. ನೆಲದ ವ್ಯಾಜ್ಯಗಳನ್ನು ಓದುವ ವಿದ್ಯಾರ್ಥಿಗೆ ಆ ಗ್ರಂಥವನ್ನೂ ಜೊತೆಯಲ್ಲಿ ಓದಿಸಬೇಕೆಂದು ನಾನು ಅಧ್ಯಾಪಕಮಿತ್ರರಿಗೆ ಸೂಚಿಸುವೆನು.

ಯೋಜಕರ ನಕ್ಷೆಯಲ್ಲಿ ರಹತ್ ನಗರದ ಕೇರಿಗಳಿಗೆ ಒಂದು, ಎರಡು, ಮೂರು ಎಂದು ಅಂಕೆಗಳುಂಟು. ಊರವರು ಅವನ್ನು ಕುಟುಂಬಗಳ ಹೆಸರಿನಿಂದ ಕರೆಯುವರು. ಎರಡು ಮೂರು ಅಂತಸ್ತಿನ ಸಿಮೆಂಟಿನ ಮನೆಗಳ ಪಕ್ಕದಲ್ಲಿ, ಅಂಗಳದ ಒಂದು ಕಡೆ, ಗುಡಾರವೋ ತಗಡಿನ ಚಪ್ಪರವೋ ಬೇರೆಯಾದ ಕೋಣೆಯೋ ಒಂದಿರುವುದು, ಅದೇ ಶಿಗ್. ಮೇಲ್ಹೊದಿಕೆಯು ಆಡಿನ ಕೂದಲಿನದಾಗಿರುವುದು ಅಪೂರ್ವ. ನೆಲದ ಮೇಲೆ ಹಾಸಿಗೆ, ನಡುವೆ ಒಲೆ, ಒಲೆಯ ಮೇಲೆ ಕಾಫಿಯ ಪಾತ್ರೆ. ರಕ್ತದ ವ್ಯಾಜ್ಯವಾಗಲಿ ಮದುವೆಯ ಮಾತಾಗಲಿ ನೆಲದ ಎಲ್ಲೆಯ ಜಗಳವಾಗಲಿ, ಹಿರಿಯರು ಕೂಡಿ ತೀರಿಸುವುದು ಮನೆಯೊಳಗಲ್ಲ, ಅಲ್ಲಿ.